ಬ್ರಿಟನ್ನಿನ ಲ್ಯಾಬಿನಲ್ಲಿ ಕೆಲಸ: ಯಾವ ನೋಂದಣಿ ನಿಮಗೆ ಸರಿ?

ಬ್ರಿಟನ್ನಿಗೆ ಹೊರಟವರು, ಅಲ್ಲಿ ಈಗಾಗಲೇ ಲ್ಯಾಬ್ ಸೇರಿದವರು ಕೇಳುವ ಮೊದಲ ಪ್ರಶ್ನೆ ಬಹುಪಾಲು ಒಂದೇ: "ನಂದು ಎಂಎಸ್ಸಿ ಆಗಿದೆ, ಯಾವ ರಿಜಿಸ್ಟ್ರೇಷನ್ ಸಿಗುತ್ತೆ?" ನಮ್ಮಲ್ಲಿ ಡಿಗ್ರಿ ನೋಡಿ ಹುದ್ದೆ ಕೊಡುತ್ತಾರೆ. ಅದಕ್ಕೇ ಪ್ರಶ್ನೆಯೂ ಡಿಗ್ರಿಯಿಂದಲೇ ಶುರುವಾಗುತ್ತದೆ. ಆದರೆ ಅಲ್ಲಿ ನೋಂದಣಿ ಕೊಡುವವರು ಮುಖ್ಯವಾಗಿ ನೋಡುವುದು ನೀವು ಇವತ್ತು ಮಾಡುತ್ತಿರುವ ಕೆಲಸವನ್ನು. ಅದರಲ್ಲಿ ನಿಮ್ಮ ಸ್ವಂತ ತೀರ್ಮಾನ ಎಷ್ಟು, ತಪ್ಪಾದರೆ ಉತ್ತರ ಹೇಳುವವರು ಯಾರು ಅನ್ನುವುದನ್ನು. ಹಾಗಾಗಿ ಆಯ್ಕೆ ಮಾಡುವಾಗ ಸರ್ಟಿಫಿಕೇಟಿನ ಫೈಲನ್ನು ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಕಳೆದ ವಾರದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದೆ ಓದಿ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ

ಅಲ್ಲಿ ನೋಂದಣಿ ಎರಡು ಥರ. ಒಂದು ಕಾನೂನು ಬೇಡುವಂಥದ್ದು. ಅದಿಲ್ಲದೆ ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ನೀವಾಗಿ ಇಷ್ಟಪಟ್ಟು ಮಾಡಿಸಿಕೊಳ್ಳುವಂಥದ್ದು. ಇವೆರಡನ್ನೂ ಒಂದೇ ಸಾಲಿನಲ್ಲಿಟ್ಟು "ಯಾವುದು ಒಳ್ಳೆಯದು" ಅಂತ ಹೋಲಿಸಿದರೆ ಉತ್ತರ ಸಿಗುವುದಿಲ್ಲ.

ಆಸ್ಪತ್ರೆಯ ಲ್ಯಾಬ್ ನಿಮ್ಮ ಗುರಿಯಾಗಿದ್ದರೆ ನಿಮಗೆ ಬೇಕಾಗುವುದು ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ ಎಂಬ ಸಂಸ್ಥೆಯ ನೋಂದಣಿ. ಎಲ್ಲರೂ ಎಚ್‌ಸಿಪಿಸಿ ಅನ್ನುತ್ತಾರೆ. ಆರೋಗ್ಯಕ್ಕೆ ಸೇರಿದ 15 ವೃತ್ತಿಗಳು ಅದರ ಕೆಳಗೆ ಬರುತ್ತವೆ. ಅದರಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಮತ್ತು ಕ್ಲಿನಿಕಲ್ ಸೈಂಟಿಸ್ಟ್ ನಮಗೆ ಬೇಕಾದ ಎರಡು. ಈ ಎರಡು ಹೆಸರುಗಳಿಗೂ ಕಾನೂನಿನ ರಕ್ಷಣೆ ಇದೆ. ಪಟ್ಟಿಯಲ್ಲಿ ಇಲ್ಲದವರು "ನಾನು ಬಯೋಮೆಡಿಕಲ್ ಸೈಂಟಿಸ್ಟ್" ಅಂತ ಹೇಳಿಕೊಂಡರೆ ಅದು ಅಪರಾಧ.

ಇಲ್ಲಿ ಕರ್ನಾಟಕದಿಂದ ಹೋಗುವವರಿಗೆ ದೊಡ್ಡದೊಂದು ಗೊಂದಲ ಕಾದಿರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಮಾಡಿ, ಅನಲೈಜರ್ ನೋಡಿಕೊಂಡು, ಕ್ರಾಸ್‌ಮ್ಯಾಚ್ (ಕೊಡುವ ರಕ್ತ ರೋಗಿಗೆ ಹೊಂದುತ್ತದೆಯೇ ಅನ್ನುವ ಪರೀಕ್ಷೆ) ಮಾಡಿ ರಾತ್ರಿ ಪಾಳಿ ನಿಭಾಯಿಸುವವರನ್ನು "ಲ್ಯಾಬ್ ಟೆಕ್ನಿಷಿಯನ್" ಅನ್ನುತ್ತೇವೆ. ಅದೇ ಕೆಲಸ ಮಾಡುವವರ ಹೆಸರು ಬ್ರಿಟನ್ನಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್. ಲ್ಯಾಬ್ ತಂತ್ರಜ್ಞಾನದಲ್ಲಿ ಡಿಪ್ಲೊಮಾ (ಡಿಎಂಎಲ್‌ಟಿ), ಡಿಗ್ರಿ (ಬಿಎಸ್ಸಿ ಎಂಎಲ್‌ಟಿ) ಮಾಡಿದವರು ಅಲ್ಲಿಯ ಜಾಹೀರಾತುಗಳಲ್ಲಿ ತಮ್ಮ ಹಳೆಯ ಹೆಸರನ್ನೇ ಹುಡುಕುತ್ತಾರೆ. ಸಿಗುವುದು ಮೆಡಿಕಲ್ ಲ್ಯಾಬೊರೇಟರಿ ಅಸಿಸ್ಟೆಂಟ್ ಕೆಲಸ: ಸ್ಯಾಂಪಲ್ ತೆಗೆದುಕೊಳ್ಳುವುದು, ಬಾರ್‌ಕೋಡ್ ಹಾಕುವುದು, ಸೆಂಟ್ರಿಫ್ಯೂಜಿಗೆ ಇಡುವುದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಂಬಳದ ಪಟ್ಟಿಯಲ್ಲಿ ಅದು ಬ್ಯಾಂಡ್ 2 ಅಥವಾ 3. ಬಯೋಮೆಡಿಕಲ್ ಸೈಂಟಿಸ್ಟ್ ಬ್ಯಾಂಡ್ 5ರಿಂದ ಶುರುವಾಗುತ್ತಾರೆ. ವರ್ಷಗಟ್ಟಲೆ ಪೆಥಾಲಜಿಯಲ್ಲಿ ದುಡಿದವರು ಹೆಸರಿನ ಗೊಂದಲದಿಂದ ಎರಡು ಮೆಟ್ಟಿಲು ಕೆಳಗೆ ನಿಲ್ಲುವುದನ್ನು ಕಂಡರೆ ಬೇಸರವಾಗುತ್ತದೆ.

ಹೊರದೇಶದಲ್ಲಿ ಇದೇ ವೃತ್ತಿಗೆ ಓದಿ, ಅದರಲ್ಲೇ ಕೆಲಸ ಮಾಡಿದವರು ಎಚ್‌ಸಿಪಿಸಿಗೆ ನೇರವಾಗಿ ಅಂತರರಾಷ್ಟ್ರೀಯ ಅರ್ಜಿ ಹಾಕಬಹುದು. ನೀವು ಏನೇನು ಓದಿದ್ದೀರಿ, ಏನೇನು ಮಾಡಿದ್ದೀರಿ ಅನ್ನುವುದನ್ನು ಅವರ ಪ್ರಾವೀಣ್ಯತೆಯ ಮಾನದಂಡಗಳ ಪಕ್ಕ ಇಟ್ಟು ನೋಡುತ್ತಾರೆ. ಈ ಮಾನದಂಡಗಳು 2023ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಜಾರಿಗೆ ಬಂದವು. ಹಳೆಯ ಸ್ನೇಹಿತರು ಕಳಿಸಿದ ಅರ್ಜಿಯ ನಕಲನ್ನು ನಂಬಿ ಬರೆಯಬೇಡಿ, ಅದು ಹಳೆಯ ಮಾನದಂಡಕ್ಕೆ ಬರೆದದ್ದಿರಬಹುದು. ಇಂಗ್ಲಿಷಿಗೆ ಐಇಎಲ್‌ಟಿಎಸ್ ಆದರೆ ಒಟ್ಟು 7.0 ಬೇಕು, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಊರು ಬಿಡುವ ಮುಂಚೆ ಒಂದು ಕೆಲಸ ಮಾಡಿ. ನೀವು ಓದಿದ ವರ್ಷದ ಸಿಲಬಸ್ಸನ್ನು, ಥಿಯರಿ ಮತ್ತು ಪ್ರಾಕ್ಟಿಕಲ್ ಗಂಟೆಗಳ ಸಮೇತ, ಕಾಲೇಜಿನಿಂದಲೋ ವಿಶ್ವವಿದ್ಯಾಲಯದಿಂದಲೋ ಸಹಿ ಮಾಡಿಸಿ ತೆಗೆದಿಟ್ಟುಕೊಳ್ಳಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಓದಿರಲಿ, ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಮಾಡಿರಲಿ, ಎದುರಿಗೆ ಕೂತು ಕೇಳಿದಾಗ ಆಗುವ ಕೆಲಸ ಲಂಡನ್ನಿನಿಂದ ಫೋನ್ ಮಾಡಿದರೆ ಆಗುವುದಿಲ್ಲ.

ಮೈಕ್ರೋಬಯಾಲಜಿಯಲ್ಲೋ ಬಯೋಟೆಕ್ನಾಲಜಿಯಲ್ಲೋ ಎಂಎಸ್ಸಿ ಮಾಡಿ, ಆಸ್ಪತ್ರೆ ಲ್ಯಾಬ್ ಮೆಟ್ಟಿಲು ಹತ್ತದವರಿಗೆ ಈ ನೇರ ದಾರಿ ಕಷ್ಟ. ಅವರಿಗೆ ಇನ್ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್ ಮೂಲಕ ಹೋಗುವ ದಾರಿ ಇದೆ. ಡಿಗ್ರಿಯನ್ನು ಅವರು ಅಳೆದು ನೋಡುತ್ತಾರೆ. ಯಾವ ವಿಷಯ ಕಡಿಮೆ ಬಿದ್ದಿದೆಯೋ ಅದನ್ನು ಓದಿ ತುಂಬಿಸಬೇಕು. ಆಮೇಲೆ ಅವರು ಒಪ್ಪಿದ ಲ್ಯಾಬಿನಲ್ಲಿ ತರಬೇತಿಯ ಪೋರ್ಟ್‌ಫೋಲಿಯೊ, ಅಂದರೆ ಮಾಡಿ ಕಲಿತ ಕೆಲಸದ ಪುರಾವೆಗಳ ಕಡತ, ಮುಗಿಸಿದರೆ ಅರ್ಹತೆಯ ಸರ್ಟಿಫಿಕೇಟ್ ಸಿಗುತ್ತದೆ. ಅದರ ಮೇಲೆ ಎಚ್‌ಸಿಪಿಸಿ ಅರ್ಜಿ. ಅಸಿಸ್ಟೆಂಟ್ ಆಗಿ ಸೇರಿ ಈ ದಾರಿ ಹಿಡಿಯುವವರೂ ಇದ್ದಾರೆ. ಆದರೆ ಸೇರುವ ಮೊದಲೇ ಕೇಳಿ: "ಇಲ್ಲಿ ಪೋರ್ಟ್‌ಫೋಲಿಯೊ ಮಾಡಿಸುತ್ತೀರಾ? ಈಗ ಎಷ್ಟು ಜನ ಸರದಿಯಲ್ಲಿದ್ದಾರೆ?" ಸ್ಪಷ್ಟ ಉತ್ತರ ಬರದಿದ್ದರೆ ಬೇರೆ ಲ್ಯಾಬ್ ನೋಡುವುದೇ ವಾಸಿ.

ಕ್ಲಿನಿಕಲ್ ಸೈಂಟಿಸ್ಟ್ ಬೇರೆಯದೇ ದಾರಿ. ಫಲಿತಾಂಶದ ಅರ್ಥ ಹೇಳುವುದು, ವೈದ್ಯರಿಗೆ ಸಲಹೆ ಕೊಡುವುದು, ಹೊಸ ಪರೀಕ್ಷೆ ರೂಪಿಸುವುದು ಇವರ ಕೆಲಸ. ಜೆನೆಟಿಕ್ಸ್, ಮೆಡಿಕಲ್ ಫಿಸಿಕ್ಸ್ ಎಲ್ಲವೂ ಇದರಲ್ಲಿ ಬರುತ್ತವೆ. ಮೂರು ವರ್ಷದ ಸೈಂಟಿಸ್ಟ್ ಟ್ರೈನಿಂಗ್ ಪ್ರೋಗ್ರಾಂ ಮುಖ್ಯ ಬಾಗಿಲು, ಅದಕ್ಕೆ ಪೈಪೋಟಿ ಬಹಳ. ಅನುಭವ ಇದ್ದವರು ಅಕಾಡೆಮಿ ಫಾರ್ ಹೆಲ್ತ್‌ಕೇರ್ ಸೈನ್ಸ್ ಅಥವಾ ಅಸೋಸಿಯೇಷನ್ ಆಫ್ ಕ್ಲಿನಿಕಲ್ ಸೈಂಟಿಸ್ಟ್ಸ್ ಮೂಲಕ ಸಮಾನತೆ, ಅಂದರೆ ತಮ್ಮ ಅನುಭವ ಆ ತರಬೇತಿಗೆ ಸಮ ಅಂತ, ತೋರಿಸಿ ಬರಬಹುದು. ಬ್ಯಾಂಡ್ ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ಇದರ ಹಿಂದೆ ಬೀಳಬೇಡಿ. ಬೆಂಚಿನ ಕೆಲಸ ನಿಮಗೆ ಇಷ್ಟವಾದರೆ ಬಯೋಮೆಡಿಕಲ್ ದಾರಿಯಲ್ಲೇ ಬ್ಯಾಂಡ್ 6, 7 ದಾಟಿ ಹೋಗಲು ಅವಕಾಶ ಇದೆ. ಸ್ಪೆಷಲಿಸ್ಟ್ ಪೋರ್ಟ್‌ಫೋಲಿಯೊ ಮುಗಿಸುವುದು ಅದಕ್ಕೆ ಮೊದಲ ಮೆಟ್ಟಿಲು.

ಕಾನೂನಿನ ಇನ್ನೆರಡು ಕಡ್ಡಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವವರಿಗೆ 1986ರ ಕಾಯ್ದೆಯ ಪ್ರಕಾರ ಹೋಮ್ ಆಫೀಸಿನ ವೈಯಕ್ತಿಕ ಲೈಸೆನ್ಸ್ ಬೇಕು. ಔಷಧ ಕಂಪನಿಯಲ್ಲಿ ಪ್ರತಿ ಬ್ಯಾಚಿಗೂ ಸಹಿ ಹಾಕಿ ಬಿಡುವ ಕ್ವಾಲಿಫೈಡ್ ಪರ್ಸನ್ ಹುದ್ದೆಗೂ ಕಾನೂನಿನ ಅರ್ಹತೆ ಇದೆ. ಅದರ ವಿಷಯ ಮುಂದೆ ಮತ್ತೆ ಬರುತ್ತದೆ.

ಇವು ಬಿಟ್ಟರೆ ವಿಶ್ವವಿದ್ಯಾಲಯದ ಸಂಶೋಧನೆ, ಆಹಾರ ಪರೀಕ್ಷೆ, ನೀರಿನ ಪರೀಕ್ಷೆ, ಪೇಂಟ್ ಕಂಪನಿಯ ಆರ್ ಅಂಡ್ ಡಿ, ಶಾಲೆಯ ಲ್ಯಾಬ್, ಎಲ್ಲಿಯೂ ವೃತ್ತಿ ನೋಂದಣಿ ಕಡ್ಡಾಯವಿಲ್ಲ. ಆಯ್ಕೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿಯೇ.

ಮೂರು ಪಟ್ಟಗಳು, ಒಂದೇ ಯಂತ್ರ

ಸೈನ್ಸ್ ಕೌನ್ಸಿಲ್ ಅನ್ನುವ ಸಂಸ್ಥೆಗೆ 2003ರಲ್ಲಿ ರಾಜಮನೆತನದ ಸನ್ನದು, ಅಂದರೆ ರಾಯಲ್ ಚಾರ್ಟರ್ ಸಿಕ್ಕಿತು. ಅದರ ಕೆಳಗೆ ಮೂರು ಮುಖ್ಯ ಪಟ್ಟಗಳಿವೆ: ರಿಜಿಸ್ಟರ್ಡ್ ಸೈನ್ಸ್ ಟೆಕ್ನಿಷಿಯನ್, ರಿಜಿಸ್ಟರ್ಡ್ ಸೈಂಟಿಸ್ಟ್, ಚಾರ್ಟರ್ಡ್ ಸೈಂಟಿಸ್ಟ್. ಬಾಯಿಮಾತಿನಲ್ಲಿ ಆರ್‌ಸೈಟೆಕ್, ಆರ್‌ಸೈ, ಸಿಸೈ. ವಿಜ್ಞಾನದ ಮೇಷ್ಟ್ರುಗಳಿಗೆ ಚಾರ್ಟರ್ಡ್ ಸೈನ್ಸ್ ಟೀಚರ್ ಎಂಬ ಪ್ರತ್ಯೇಕ ಪಟ್ಟವೂ ಇದೆ.

ಕಾಗದದ ಮೇಲೆ ವ್ಯತ್ಯಾಸ ಓದಿನ ಮಟ್ಟದಲ್ಲಿದೆ. ಆರ್‌ಸೈಟೆಕ್‌ಗೆ ಲೆವೆಲ್ 3, ಅಂದರೆ ನಮ್ಮಲ್ಲಿ ಪಿಯುಸಿ ಓದುವ ವಯಸ್ಸಿನಲ್ಲಿ ಅಲ್ಲಿನ ಮಕ್ಕಳು ಓದುವ ಎ ಲೆವೆಲ್‌ನಂಥದ್ದು. ಆರ್‌ಸೈಗೆ ಲೆವೆಲ್ 5, ಡಿಪ್ಲೊಮಾದ ಮೇಲ್ಮಟ್ಟ. ಸಿಸೈಗೆ ಲೆವೆಲ್ 7, ಮಾಸ್ಟರ್ಸ್. ಆ ಮಟ್ಟದ ಓದು ಇಲ್ಲದವರು ಅನುಭವದಿಂದ ಅಷ್ಟೇ ತಿಳಿವಳಿಕೆ ಬಂದಿದೆ ಅಂತ ತೋರಿಸಲು ಸಮಾನತೆಯ ದಾರಿ ಮೂರಕ್ಕೂ ಇದೆ. ನಮ್ಮ ಡಿಗ್ರಿ ಅಲ್ಲಿ ಯಾವ ಮಟ್ಟಕ್ಕೆ ಸಮ ಅನ್ನುವುದನ್ನು ಯುಕೆ ಎನಿಕ್ ಅನ್ನುವ ಸೇವೆ ಬರೆದುಕೊಡುತ್ತದೆ. ಹಳಬರು ಇದನ್ನು ನಾರಿಕ್ ಅನ್ನುತ್ತಾರೆ.

ಆದರೆ ಓದಿನ ಮಟ್ಟ ದಾಟಿದ ಮಾತ್ರಕ್ಕೆ ಆ ಪಟ್ಟ ನಿಮ್ಮದಾಗುವುದಿಲ್ಲ. ಅಳೆಯುವುದು ಐದು ವಿಷಯಗಳನ್ನು: ತಿಳಿದದ್ದನ್ನು ಕೆಲಸದಲ್ಲಿ ಹೇಗೆ ಬಳಸುತ್ತೀರಿ, ಸ್ವಂತ ಹೊಣೆ ಎಷ್ಟು, ಜನರ ಜೊತೆ ಹೇಗೆ ಕೆಲಸ ಮಾಡುತ್ತೀರಿ, ಕೆಲಸದ ಶಿಸ್ತು ಮತ್ತು ಸುಧಾರಣೆ, ವೃತ್ತಿಯ ನೀತಿ ನಿಯಮ. ಮೂರು ಪಟ್ಟಗಳಿಗೂ ಇದೇ ಐದು. ಬದಲಾಗುವುದು ಆಳ.

ಒಂದೇ ಯಂತ್ರದ ಮುಂದೆ ಮೂವರನ್ನು ನಿಲ್ಲಿಸಿ ನೋಡೋಣ. ಎಚ್‌ಪಿಎಲ್‌ಸಿ ಇಟ್ಟುಕೊಳ್ಳಿ, ದ್ರಾವಣದಲ್ಲಿ ಇರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಸ್ಟ್ಯಾಂಡರ್ಡ್ ತಯಾರಿಸಿ, ಎಸ್‌ಒಪಿ, ಅಂದರೆ ಲ್ಯಾಬಿನಲ್ಲಿ ಬರೆದಿಟ್ಟ ವಿಧಾನದ ಪ್ರಕಾರ ಸ್ಯಾಂಪಲ್ ಓಡಿಸುತ್ತೀರಿ. ಒಂದು ಬೆಳಗ್ಗೆ ಪೀಕ್ (ಒಂದೊಂದು ವಸ್ತುವಿಗೆ ಗ್ರಾಫಿನಲ್ಲಿ ಏಳುವ ಶಿಖರ) ಬರುವ ಹೊತ್ತು ಜಾರುತ್ತಿದೆ ಅಂತ ಕಣ್ಣಿಗೆ ಬೀಳುತ್ತದೆ. ಓಟ ನಿಲ್ಲಿಸುತ್ತೀರಿ. ಲಾಗ್‌ಬುಕ್ಕಿನಲ್ಲಿ ಬರೆಯುತ್ತೀರಿ. ಮೊಬೈಲ್ ಫೇಸ್, ಅಂದರೆ ಸ್ಯಾಂಪಲ್ ಹೊತ್ತೊಯ್ಯುವ ದ್ರವವನ್ನು, ಹೊಸದಾಗಿ ಮಾಡಿ ನೋಡುತ್ತೀರಿ. ಸರಿಹೋಗದಿದ್ದರೆ ಮೇಲಿನವರಿಗೆ ಹೇಳುತ್ತೀರಿ. ನಿಮ್ಮ ಕೆಲಸಕ್ಕೆ ನೀವೇ ಹೊಣೆ, ದೊಡ್ಡ ತೀರ್ಮಾನ ಇನ್ನೊಬ್ಬರದು. ಇದು ಆರ್‌ಸೈಟೆಕ್. ಇದನ್ನು ಚೆನ್ನಾಗಿ ಮಾಡುವುದು ಸುಲಭ ಅಂದುಕೊಳ್ಳಬೇಡಿ. ಜಾರುತ್ತಿರುವ ಪೀಕನ್ನು ಕಂಡೂ ಕಾಣದಂತೆ ರಿಪೋರ್ಟ್ ಕಳಿಸಿಬಿಡುವ ಲ್ಯಾಬುಗಳು ಎಷ್ಟೋ ಇವೆ.

ಮೇಲಿನವರಿಗೆ ಹೇಳುವ ಬದಲು ಆ ದೂರು ನಿಮ್ಮ ಹತ್ತಿರವೇ ಬರುತ್ತದೆ ಅಂದುಕೊಳ್ಳಿ. ಕಾಲಂ ಹಳೆಯದೋ, ಪಂಪ್ ಸೀಲ್ ಸೋರುತ್ತಿದೆಯೋ, ಕೋಣೆಯ ತಾಪಮಾನದ ಕಾಟವೋ ಅಂತ ಒಂದೊಂದಾಗಿ ತಳ್ಳಿಹಾಕಿ ಕಾರಣ ಹಿಡಿಯುತ್ತೀರಿ. ಮೆಥಡ್ಡಿನಲ್ಲಿ ಸಣ್ಣ ಬದಲಾವಣೆ ಮಾಡಿ, ಏಕೆ ಮಾಡಿದೆ ಅಂತ ಬರೆದಿಡುತ್ತೀರಿ. ಹೊಸಬರಿಗೆ ಕಲಿಸುತ್ತೀರಿ. ಯಾರ ಸ್ಯಾಂಪಲ್ ಮೊದಲು ಅನ್ನುವುದನ್ನು ನೀವೇ ಹೇಳುತ್ತೀರಿ. ಇಲ್ಲಿಗೆ ಆರ್‌ಸೈ.

ಇನ್ನು ಈ ಪರೀಕ್ಷೆಗೆ ಎಚ್‌ಪಿಎಲ್‌ಸಿಯೇ ಸರಿಯಾ ಅನ್ನುವ ಪ್ರಶ್ನೆಯೇ ನಿಮ್ಮದಾಗಿದ್ದರೆ? ವ್ಯಾಲಿಡೇಷನ್, ಅಂದರೆ ವಿಧಾನವನ್ನು ನಂಬಬಹುದೇ ಅನ್ನುವ ಪರೀಕ್ಷೆ, ಹೇಗೆ ಮಾಡಬೇಕು ಅಂತ ರೂಪಿಸುವುದು ನೀವು. ಆಡಿಟರ್ ಬಂದು "ಈ ಮಿತಿ ಯಾಕೆ ಇಟ್ಟಿರಿ" ಅಂದಾಗ ಉತ್ತರ ಕೊಡುವುದು ನೀವು. ತಂಡದವರ ಫಲಿತಾಂಶಕ್ಕೂ ನಿಮ್ಮ ಹೆಸರೇ ಆಧಾರ. ಮಾಹಿತಿ ಅರ್ಧಂಬರ್ಧ ಇದ್ದಾಗಲೂ ನಿರ್ಧಾರ ತೆಗೆದುಕೊಳ್ಳಬೇಕು. ಅದು ಸಿಸೈ.

ಈಗ ಆ ಹಾಳೆಯನ್ನು ನೋಡಿ. ನಿಮ್ಮ ವಾರ ಯಾವುದಕ್ಕೆ ಹತ್ತಿರ?

ಎಂಎಸ್ಸಿ, ಪಿಎಚ್‌ಡಿ ಇದ್ದವರು ಇಲ್ಲಿ ಸಂಕಟಪಡುತ್ತಾರೆ. ಓದು ಲೆವೆಲ್ 7 ದಾಟಿದೆ, ಕೆಲಸ ಇನ್ನೂ ಆರ್‌ಸೈಟೆಕ್ ಅಥವಾ ಆರ್‌ಸೈ ಮಟ್ಟದಲ್ಲಿದೆ. ಮೊದಲ ಕೆಲಸ ಅಂದರೆ ಹಾಗೇ ಅಲ್ವಾ? ಅಂಥವರಿಗೆ ನನ್ನ ಸಲಹೆ: ಕೆಲಸದ ಮಟ್ಟಕ್ಕೆ ಸರಿಯಾದ ಪಟ್ಟವನ್ನು ಈಗಲೇ ತೆಗೆದುಕೊಳ್ಳಿ. ಸಿಸೈಗೆ ಕಾಯುತ್ತಾ ಕೂತರೆ ಮೂರ್ನಾಲ್ಕು ವರ್ಷ ಸುಮ್ನೆ ಹೋಗುತ್ತದೆ. ಆರ್‌ಸೈ ಅರ್ಜಿ ಬರೆಯುವಾಗ ನಿಮ್ಮ ಕೆಲಸದಲ್ಲಿ ಏನು ಕಡಿಮೆ ಇದೆ ಅನ್ನುವುದು ಹೊಳೆಯುತ್ತದೆ. "ನನಗೆ ಯಾರಿಗೂ ಕಲಿಸುವ ಅವಕಾಶವೇ ಸಿಕ್ಕಿಲ್ಲ" ಅನ್ನುವುದು ಗೊತ್ತಾದರೆ ಮ್ಯಾನೇಜರ್ ಹತ್ತಿರ ಹೋಗಿ ಅದನ್ನೇ ಕೇಳಬಹುದು. ಹೀಗೆ ಕೇಳುವ ವಿಷಯ ಕೈಗೆ ಸಿಗುವುದೇ ದೊಡ್ಡ ಲಾಭ ಅಂತ ನಾನು ನಂಬುತ್ತೇನೆ.

ಉಲ್ಟಾ ಪರಿಸ್ಥಿತಿಯೂ ಇದೆ. ಬಿಎಸ್ಸಿಗೇ ಓದು ನಿಲ್ಲಿಸಿ, ಹದಿನೈದು ವರ್ಷದಿಂದ ಒಂದು ಇಡೀ ಮೈಕ್ರೋಸ್ಕೋಪಿ ವಿಭಾಗವನ್ನು ನಡೆಸುತ್ತಿರುವವರು "ನನಗೆ ಮಾಸ್ಟರ್ಸ್ ಇಲ್ಲವಲ್ಲ" ಅಂತ ಆರ್‌ಸೈಟೆಕ್‌ಗೆ ಅರ್ಜಿ ಹಾಕುತ್ತಾರೆ. ಅವರು ದಯವಿಟ್ಟು ಸಮಾನತೆಯ ದಾರಿಯಲ್ಲಿ ಸಿಸೈ ನೋಡಬೇಕು, ಕನಿಷ್ಠ ಆರ್‌ಸೈ ಆದರೂ.

"ಟೆಕ್ನಿಷಿಯನ್" ಅಂದರೆ ಕಡಿಮೆಯಾ?

ಮನೆಯವರಿಗೆ ಹೇಳಿಕೊಳ್ಳಲು ಮುಜುಗರ ಅಂತ ಆರ್‌ಸೈಟೆಕ್ ಬೇಡ ಅನ್ನುವವರಿದ್ದಾರೆ. ಮಗ ಅಥವಾ ಮಗಳು ವಿದೇಶದಲ್ಲಿ ಸೈಂಟಿಸ್ಟ್ ಅಂತ ಊರಿಗೆಲ್ಲ ಹೇಳಿಕೊಂಡಿರುತ್ತಾರೆ, ಈಗ ಟೆಕ್ನಿಷಿಯನ್ ಅಂದರೆ ಹೇಗೆ? ಈ ಮನಸ್ಥಿತಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಬ್ರಿಟನ್ನಿನಲ್ಲೂ ಟೆಕ್ನಿಷಿಯನ್ನರು ಬಹಳ ಕಾಲ ಕಣ್ಣಿಗೆ ಬೀಳದವರಾಗಿಯೇ ಇದ್ದರು. ಪ್ರಬಂಧಗಳಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ಇದನ್ನು ಬದಲಿಸಲು 2017ರಲ್ಲಿ ಟೆಕ್ನಿಷಿಯನ್ ಕಮಿಟ್‌ಮೆಂಟ್ ಎಂಬ ಒಪ್ಪಂದ ಶುರುವಾಯಿತು. ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ನಾಲ್ಕು ವಿಷಯಗಳಲ್ಲಿ ಕೆಲಸ ಮಾಡುತ್ತೇವೆ ಅಂತ ಮಾತು ಕೊಟ್ಟಿವೆ: ಟೆಕ್ನಿಷಿಯನ್ನರು ಎಲ್ಲರಿಗೂ ಕಾಣುವಂತಾಗಬೇಕು, ಅವರಿಗೆ ಮನ್ನಣೆ ಸಿಗಬೇಕು, ವೃತ್ತಿಯಲ್ಲಿ ಬೆಳೆಯಬೇಕು, ಅವರ ಕೌಶಲ ಮುಂದಿನವರಿಗೆ ಉಳಿಯಬೇಕು.

ವಿಶ್ವವಿದ್ಯಾಲಯಗಳ ಟೆಕ್ನಿಷಿಯನ್ನರಿಗೆ ಕೊಡುವ ಒಂದು ಪ್ರಶಸ್ತಿಗೆ ಪಾಪಿನ್ ಅಂತ ಹೆಸರು. ಡೆನಿಸ್ ಪಾಪಿನ್ ರಾಬರ್ಟ್ ಬಾಯ್ಲ್ ಅವರ ಪ್ರಯೋಗಗಳಿಗೆ ಸಹಾಯಕನಾಗಿದ್ದ ಫ್ರೆಂಚ್ ಮನುಷ್ಯ. ಆವಿಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದ. ನಮ್ಮ ಮನೆಯ ಪ್ರೆಷರ್ ಕುಕ್ಕರಿನ ಮೂಲ ಅಲ್ಲಿದೆ. ಇವತ್ತಿನ ಬಯೋಮೆಡಿಕಲ್ ಸೈಂಟಿಸ್ಟರ ಸಂಸ್ಥೆಯೂ 1912ರಲ್ಲಿ ಹುಟ್ಟಿದ್ದು ಲ್ಯಾಬ್ ಅಸಿಸ್ಟೆಂಟರ ಸಂಘವಾಗಿಯೇ. ಅಸಿಸ್ಟೆಂಟ್ ಅನ್ನಿಸಿಕೊಂಡವರು ಒಟ್ಟುಗೂಡಿ, ಪರೀಕ್ಷೆ ಮತ್ತು ನೋಂದಣಿ ಕಟ್ಟಿಕೊಂಡು, ಕಾನೂನು ಕಾಯುವ ಹೆಸರೊಂದನ್ನು ಗಳಿಸಿದರು. ಈ ಪಟ್ಟಗಳ ಹಿಂದೆ ಇಂಥ ಇತಿಹಾಸ ಇರುವಾಗ ಆ ಪದಕ್ಕೆ ನಾಚಿಕೆಪಡುವ ಕಾರಣವೇ ಇಲ್ಲ.

ಯಾವ ಸಂಸ್ಥೆಯ ಮೂಲಕ ಹೋಗಬೇಕು?

ಸೈನ್ಸ್ ಕೌನ್ಸಿಲ್ ನೇರವಾಗಿ ನಿಮ್ಮ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅದು ಲೈಸೆನ್ಸ್ ಕೊಟ್ಟ ವೃತ್ತಿ ಸಂಸ್ಥೆಯೊಂದಕ್ಕೆ ನೀವು ಸದಸ್ಯರಾಗಬೇಕು, ಅರ್ಜಿ ಅವರ ಮೂಲಕ. ಪಟ್ಟ ಒಂದೇ, ಕೊಡುವವರು ಯಾರಾದರೂ ಅದರ ಬೆಲೆ ಒಂದೇ. ಹಾಗಾದರೆ ಸಂಸ್ಥೆ ಆರಿಸುವುದು ಹೇಗೆ?

ರಸಾಯನಶಾಸ್ತ್ರದವರಿಗೆ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ, ಜೀವಶಾಸ್ತ್ರದವರಿಗೆ ರಾಯಲ್ ಸೊಸೈಟಿ ಆಫ್ ಬಯಾಲಜಿ. ಇವೆರಡೂ ತಮ್ಮದೇ ಚಾರ್ಟರ್ಡ್ ಕೆಮಿಸ್ಟ್, ಚಾರ್ಟರ್ಡ್ ಬಯಾಲಜಿಸ್ಟ್ ಪಟ್ಟಗಳನ್ನೂ ಕೊಡುತ್ತವೆ. ವಿಷಯ ಬಿಡದೆ ಅದರಲ್ಲೇ ಮೇಲೆ ಹೋಗುವವರಿಗೆ ಅವು ಚೆನ್ನ. ಕೆಲಸ ಎರಡು ಮೂರು ವಿಷಯಗಳಿಗೆ ಹರಡಿದ್ದರೆ, ಮುಂದೆ ಮ್ಯಾನೇಜ್‌ಮೆಂಟ್ ಕಡೆ ಹೋಗುವ ಮನಸ್ಸಿದ್ದರೆ ಸಿಸೈ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಔಷಧ ಕಂಪನಿಯ ಕ್ವಾಲಿಫೈಡ್ ಪರ್ಸನ್ ಆಗುವ ಆಸೆ ಇದ್ದರೆ ಯೋಚನೆ ಇನ್ನೂ ಸುಲಭ. ಆ ಅರ್ಹತೆಯನ್ನು ಅಳೆಯುವುದು ಈ ಎರಡು ಸಂಸ್ಥೆಗಳು ಮತ್ತು ಫಾರ್ಮಸಿಯವರ ರಾಯಲ್ ಫಾರ್ಮಸ್ಯೂಟಿಕಲ್ ಸೊಸೈಟಿ ಸೇರಿಕೊಂಡು. ಬೇರೆ ಕಡೆ ಸದಸ್ಯರಾಗಿ ಆಮೇಲೆ ಬದಲಿಸುವುದಕ್ಕಿಂತ ಮೊದಲೇ ಇವುಗಳಲ್ಲೊಂದಕ್ಕೆ ಸೇರಿ.

ವಿಶ್ವವಿದ್ಯಾಲಯದಲ್ಲಿ ಗ್ಲಾಸ್‌ವೇರ್‌ನಿಂದ ಲೇಸರ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವ, ಇಂಥದ್ದೇ ವಿಷಯ ಅಂತ ಹೇಳಲಾಗದ ಟೆಕ್ನಿಷಿಯನ್ನರಿಗೆ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ನನ್ನ ಮೊದಲ ಆಯ್ಕೆ. ಅದು ಟೆಕ್ನಿಷಿಯನ್ನರ ಸಂಸ್ಥೆಯೇ. ಶಾಲೆಯ ಲ್ಯಾಬಿನಲ್ಲಿ ಇರುವವರಿಗೆ, ಮಕ್ಕಳನ್ನು ನೋಡಿಕೊಂಡು ಶಾಲೆಯ ಹೊತ್ತಿಗೆ ಹೊಂದುವ ಕೆಲಸ ಅಂತ ಇದನ್ನು ಹಿಡಿದ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ, ಅಸೋಸಿಯೇಷನ್ ಫಾರ್ ಸೈನ್ಸ್ ಎಜುಕೇಷನ್ ಒಳ್ಳೆಯದು. ಆಹಾರದವರಿಗೆ, ಲೋಹ ಮತ್ತು ಗಣಿಯವರಿಗೆ, ಪ್ರಾಣಿ ಪಾಲನೆಯವರಿಗೆ, ಮೆಡಿಕಲ್ ಫಿಸಿಕ್ಸಿನವರಿಗೆ ಅವರವರ ಸಂಸ್ಥೆಗಳಿವೆ.

ನಿಮ್ಮ ವಿಭಾಗದಲ್ಲಿ ಈಗಾಗಲೇ ಪಟ್ಟ ಪಡೆದವರು ಯಾವುದರಲ್ಲಿದ್ದಾರೆ ಅಂತ ಕೇಳುವುದೂ ಒಂದು ಒಳ್ಳೆಯ ದಾರಿ. ಅರ್ಜಿ ಓದಿ ತಿದ್ದಿಕೊಡಲು ಪಕ್ಕದ ಬೆಂಚಿನಲ್ಲೇ ಒಬ್ಬರು ಸಿಗುತ್ತಾರೆ.

ನಿಮ್ಮ ದಿನ ಹೆಚ್ಚಾಗಿ ವರ್ಕ್‌ಶಾಪಿನಲ್ಲಿ, ಲೇತ್ ಮುಂದೆ, ಎಲೆಕ್ಟ್ರಾನಿಕ್ಸ್ ಬೋರ್ಡಿನ ಮುಂದೆ ಕಳೆಯುತ್ತಿದ್ದರೆ ಎಂಜಿನಿಯರಿಂಗ್ ಕೌನ್ಸಿಲ್‌ನ ಪಟ್ಟಗಳು ಹೆಚ್ಚು ಹೊಂದುತ್ತವೆ: ಎಂಜಿನಿಯರಿಂಗ್ ಟೆಕ್ನಿಷಿಯನ್, ಇನ್‌ಕಾರ್ಪೊರೇಟೆಡ್ ಎಂಜಿನಿಯರ್, ಚಾರ್ಟರ್ಡ್ ಎಂಜಿನಿಯರ್. ಇಲ್ಲಿ ನಮ್ಮ ಬಿಇ ಪದವೀಧರರು ತಿಳಿದಿರಬೇಕಾದ ಒಂದು ವಿಷಯ ಇದೆ. ಕೋರ್ಸುಗಳಿಗೆ ಮಾನ್ಯತೆ ಕೊಡುವ ಭಾರತದ ಸಂಸ್ಥೆ ಎನ್‌ಬಿಎ 2014ರಲ್ಲಿ, ದೇಶಗಳು ಪರಸ್ಪರ ಎಂಜಿನಿಯರಿಂಗ್ ಪದವಿಗಳನ್ನು ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಆದರೆ ಆ ಒಪ್ಪಂದದ ಮನ್ನಣೆ ಟಯರ್ 1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ. ಅಂದರೆ ಸ್ವಾಯತ್ತ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯದ ಸ್ವಂತ ವಿಭಾಗಗಳು. ವಿಟಿಯುಗೆ ಸಂಯೋಜಿತವಾದ ಮಾಮೂಲಿ ಕಾಲೇಜಿನ ಟಯರ್ 2 ಮಾನ್ಯತೆ ಇದಕ್ಕೆ ಲೆಕ್ಕಕ್ಕಿಲ್ಲ. ನೀವು ಓದಿದ ವರ್ಷ ನಿಮ್ಮ ಬ್ರ್ಯಾಂಚಿಗೆ ಯಾವ ಮಾನ್ಯತೆ ಇತ್ತು ಅಂತ ನೋಡಿಕೊಳ್ಳಿ. ಇರದಿದ್ದರೆ ದಾರಿ ಮುಚ್ಚಿತು ಅಂತಲ್ಲ, ನಿಮ್ಮ ಓದನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ, ಅಷ್ಟೆ. ಸಮಯ ಜಾಸ್ತಿ ಹಿಡಿಯುತ್ತದೆ. ಚಾರ್ಟರ್ಡ್ ಎಂಜಿನಿಯರ್ ಆಗಲು ಮಾಸ್ಟರ್ಸ್ ಮಟ್ಟದ ಕಲಿಕೆಯನ್ನು ಹೇಗಿದ್ದರೂ ತೋರಿಸಬೇಕು.

ಅರ್ಜಿಯಲ್ಲಿ "ನಾನು" ಬರಲಿ

ಯಾವ ಪಟ್ಟ ಆರಿಸಿದರೂ ನಮ್ಮವರು ಎಡವುವುದು ಒಂದೇ ಕಡೆ. "ನಾನು ನಾನು" ಅಂತ ಬರೆದರೆ ಜಂಬ ಅನ್ನಿಸುತ್ತದೆ ಅನ್ನುವ ಸಂಕೋಚ. ಹೀಗಾಗಿ ಅರ್ಜಿ ತುಂಬ "ನಮ್ಮ ತಂಡ ಮಾಡಿತು", "ಸುಧಾರಿಸಲಾಯಿತು", "ಕ್ರಮ ಕೈಗೊಳ್ಳಲಾಯಿತು". ಓದುವ ಅಸೆಸರ್‌ಗೆ ನೀವು ಏನು ಮಾಡಿದಿರಿ ಅನ್ನುವುದೇ ತಿಳಿಯುವುದಿಲ್ಲ.

ಉದಾಹರಣೆಗೆ ಒಬ್ಬರು ಬರೆಯಬಹುದಾದ ಸಾಲು: "ಲ್ಯಾಬಿನ ಸೆಂಟ್ರಿಫ್ಯೂಜ್ ನಿರ್ವಹಣೆಯನ್ನು ಸುಧಾರಿಸಲಾಯಿತು." ಇದರಿಂದ ಒಂದು ಅಂಕವೂ ಹುಟ್ಟುವುದಿಲ್ಲ. ಅದೇ ವಿಷಯವನ್ನು ಹೀಗೆ ಬರೆದರೆ? "ರೋಟರ್ ಎಷ್ಟು ಸಲ ಓಡಿದೆ ಅನ್ನುವ ಲೆಕ್ಕ ಎಲ್ಲೂ ಇರಲಿಲ್ಲ. ನಾನು ಲಾಗ್ ಶುರು ಮಾಡಿದೆ. ತಯಾರಕರು ಹೇಳಿದ ಆಯುಷ್ಯ ಮುಗಿದಿದ್ದ ಒಂದು ರೋಟರನ್ನು ಬಳಕೆಯಿಂದ ತೆಗೆಸಿದೆ. ಸಂಶೋಧಕರೊಬ್ಬರು ಒಪ್ಪಲಿಲ್ಲ. ಅವರ ಜೊತೆ ಕೂತು ಅಪಾಯ ಏನು ಅಂತ ವಿವರಿಸಿ, ಅವರ ಪ್ರಯೋಗ ನಿಲ್ಲದಂತೆ ಬೇರೆ ವಿಭಾಗದಿಂದ ರೋಟರ್ ತರಿಸಿಕೊಟ್ಟೆ. ಆಮೇಲೆ ಹೊಸ ವಿದ್ಯಾರ್ಥಿಗಳ ತರಬೇತಿಯಲ್ಲಿ ಇದನ್ನು ಸೇರಿಸಿದೆ." ತಿಳಿವಳಿಕೆ, ಹೊಣೆ, ಜನರ ಜೊತೆಗಿನ ನಡವಳಿಕೆ, ಸುಧಾರಣೆ, ಸುರಕ್ಷತೆಯ ನಿಯಮ, ಐದೂ ಇದರಲ್ಲೇ ಬಂತು. ಎಲ್ಲವೂ ದಿನದ ಕೆಲಸವೇ. ದೊಡ್ಡ ಸಾಧನೆ ಹುಡುಕುತ್ತಾ ಕೂರುವ ಅಗತ್ಯ ಇಲ್ಲ.

ತಂಡದ ಕೆಲಸವಾದರೆ ಮೊದಲ ಸಾಲಿನಲ್ಲಿ ತಂಡಕ್ಕೆ ಗೌರವ ಕೊಟ್ಟು, ಎರಡನೇ ಸಾಲಿನಿಂದ ನಿಮ್ಮ ಪಾಲು ಹೇಳಿ. ಅದು ಜಂಬವಲ್ಲ, ಕೇಳಿದ ಪ್ರಶ್ನೆಗೆ ನೇರ ಉತ್ತರ. ರೋಗಿಯ ಹೆಸರು, ಕಂಪನಿಯ ಗುಟ್ಟು ಮಾತ್ರ ಎಲ್ಲೂ ಬಾರದಿರಲಿ.

ಖರ್ಚು, ದಾಖಲೆ, ವರ್ಷ ವರ್ಷದ ಕೆಲಸ

ಸೈನ್ಸ್ ಕೌನ್ಸಿಲ್ ಪಟ್ಟಕ್ಕೆ ಎರಡು ಖರ್ಚು: ಸಂಸ್ಥೆಯ ಸದಸ್ಯತ್ವ, ಅದರ ಮೇಲೆ ಪಟ್ಟದ ಫೀಸು. ಎರಡೂ ವರ್ಷ ವರ್ಷ. ಸದಸ್ಯತ್ವ ನಿಲ್ಲಿಸಿದರೆ ಹೆಸರಿನ ಮುಂದಿನ ಅಕ್ಷರಗಳನ್ನೂ ತೆಗೆಯಬೇಕು. ಟೆಕ್ನಿಷಿಯನ್ ಕಮಿಟ್‌ಮೆಂಟಿಗೆ ಸಹಿ ಹಾಕಿದ ಕಡೆ ಕೆಲಸ ಮಾಡುತ್ತಿದ್ದರೆ ಫೀಸನ್ನು ಅವರು ಕೊಡುತ್ತಾರಾ ಅಂತ ಕೇಳಿ, ಕೊಡುವ ಕಡೆಗಳಿವೆ. ನೀವೇ ಕಟ್ಟಿದರೆ, ನಿಮ್ಮ ಸಂಸ್ಥೆ ಬ್ರಿಟನ್ನಿನ ತೆರಿಗೆ ಇಲಾಖೆಯ ಪಟ್ಟಿಯಲ್ಲಿದ್ದಾಗ ಆ ಹಣದ ಮೇಲೆ ತೆರಿಗೆ ವಿನಾಯಿತಿ ಕೇಳಬಹುದು. ಎಚ್‌ಸಿಪಿಸಿ ಫೀಸಿಗೂ ಇದು ಸಿಗುತ್ತದೆ. ಗೊತ್ತಿಲ್ಲದೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಕಲಿಕೆಯ ದಾಖಲೆ ಎರಡೂ ಕಡೆ ಇಡಬೇಕು. ಎಚ್‌ಸಿಪಿಸಿ ಎರಡು ವರ್ಷಕ್ಕೊಮ್ಮೆ ನವೀಕರಣ ಮಾಡಿಸುತ್ತದೆ. ಆಗ ಪ್ರತಿ ವೃತ್ತಿಯಿಂದ ಶೇ. 2.5ರಷ್ಟು ಜನರನ್ನು ಚೀಟಿ ಎತ್ತಿದಂತೆ ಆರಿಸಿ, ಅವರ ದಾಖಲೆ ಕೇಳುತ್ತದೆ. ಸೈನ್ಸ್ ಕೌನ್ಸಿಲ್ ಕಡೆ ಇದು ವರ್ಷಕ್ಕೊಮ್ಮೆ. ಕಲಿಕೆ ಅಂದರೆ ಕೋರ್ಸು, ಸಮ್ಮೇಳನ ಅಷ್ಟೇ ಅಂದುಕೊಳ್ಳಬೇಡಿ. ಕೆಲಸದಲ್ಲೇ ಕಲಿತದ್ದು, ಸಂಘದ ಸಮಿತಿಯಲ್ಲಿ ದುಡಿದದ್ದು, ಮನೆಯಲ್ಲಿ ಕೂತು ಪ್ರಬಂಧ ಓದಿದ್ದು, ಶಾಲೆಯ ವಿಜ್ಞಾನ ಮೇಳದಲ್ಲಿ ಮಕ್ಕಳಿಗೆ ತೋರಿಸಿದ್ದು, ಎಲ್ಲವೂ ಸೇರುತ್ತದೆ. ಏನು ಮಾಡಿದೆ ಅನ್ನುವುದರ ಜೊತೆಗೆ ಅದರಿಂದ ಕೆಲಸದಲ್ಲಿ ಏನು ಬದಲಾಯಿತು ಅಂತ ಒಂದು ಸಾಲು ಇರಲೇಬೇಕು. ತಿಂಗಳ ಕೊನೆಯ ಶುಕ್ರವಾರ ಹತ್ತು ನಿಮಿಷ ಇದಕ್ಕೆ ಇಟ್ಟರೆ ವರ್ಷದ ಕೊನೆಯಲ್ಲಿ ನೆನಪು ಕೆದಕುವ ಕಷ್ಟ ಇರುವುದಿಲ್ಲ.

ವೀಸಾ ವಿಷಯದಲ್ಲಿ ಒಂದು ಮಾತು. ಈ ಯಾವ ಪಟ್ಟವೂ ವೀಸಾ ತಂದುಕೊಡುವುದಿಲ್ಲ. ಅದಕ್ಕೆ ಸ್ಪಾನ್ಸರ್ ಲೈಸೆನ್ಸ್ ಇರುವ ಉದ್ಯೋಗದಾತರಿಂದ ಕೆಲಸ, ಸಂಬಳದ ಮಿತಿ, ಹುದ್ದೆಯ ಮಟ್ಟ ಬೇರೆಯೇ ಬೇಕು. "ರಿಜಿಸ್ಟ್ರೇಷನ್ ಮಾಡಿಸಿದರೆ ವೀಸಾ ಗ್ಯಾರಂಟಿ" ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಎಚ್‌ಸಿಪಿಸಿ ನೋಂದಣಿ ಇದ್ದರೆ ಆಸ್ಪತ್ರೆ ಲ್ಯಾಬಿನ ಜಾಹೀರಾತಿಗೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಕೆಲವು ವರ್ಷ ಇದ್ದು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬರುವ ಯೋಚನೆ ಇದ್ದವರು ಹೀಗೆ ನೋಡಿ. ಆಸ್ಪತ್ರೆ ಲ್ಯಾಬಿನ ವೃತ್ತಿಗಳಿಗೆ ಭಾರತದಲ್ಲೇ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂದಿದೆ. ಇಲ್ಲಿನ ನೋಂದಣಿಗೆ ಇಲ್ಲಿನ ನಿಯಮವೇ ಅನ್ವಯ, ಎಚ್‌ಸಿಪಿಸಿ ಅದರ ಬದಲಿಗೆ ನಿಲ್ಲುವುದಿಲ್ಲ. ಔಷಧ, ಬಯೋಟೆಕ್, ಟೆಸ್ಟಿಂಗ್ ಲ್ಯಾಬ್ ಕಡೆ ಬರುವವರಿಗೆ ಅಕ್ಷರಗಳಿಗಿಂತ ಆ ಅರ್ಜಿಗಾಗಿ ಬರೆದ ಕೆಲಸದ ವಿವರಗಳೇ ಹೆಚ್ಚು ಬಳಕೆಗೆ ಬರುತ್ತವೆ. ವ್ಯಾಲಿಡೇಷನ್ ಮಾಡಿದ್ದು, ಆಡಿಟ್ ಎದುರಿಸಿದ್ದು, ಜನರನ್ನು ತಯಾರು ಮಾಡಿದ್ದು, ಎಲ್ಲ ತಾರೀಕಿನ ಸಮೇತ ನಿಮ್ಮ ಹತ್ತಿರ ಇರುತ್ತದೆ. ವಾಪಸ್ ಬರುವ ವರ್ಷ ಸದಸ್ಯತ್ವ ಮುಂದುವರಿಸಬೇಕೋ ಬೇಡವೋ ಅನ್ನುವುದನ್ನು ಹೊಸ ಕೆಲಸದವರು ಅದನ್ನು ಕೇಳುತ್ತಾರಾ ಅಂತ ನೋಡಿ ತೀರ್ಮಾನಿಸಿ. ಸದಸ್ಯತ್ವ ಬಿಡುವುದಾದರೆ, ಸಂಸ್ಥೆಯ ಆನ್‌ಲೈನ್ ಖಾತೆ ಮುಚ್ಚುವ ಮೊದಲು ದಾಖಲೆಯನ್ನೆಲ್ಲ ಇಳಿಸಿಟ್ಟುಕೊಳ್ಳಿ.